ಐವತ್ತನಾಲ್ಕು ಮೆಟ್ಟಿಲಿನ ಪ್ರಾರ್ಥನೆ

ಬೆಳಗಿನ ಐದೂವರೆ. ಮಾನ್ವಿಯಿಂದ ಕಲ್ಲೂರಿನ ಕಡೆ ಹೋಗುವಾಗ ಒಳದಾರಿ ಹಿಡಿದರೆ ಸಿಗುವ ಜಾಲಿಗುಡ್ಡದಲ್ಲಿ ಸುವಾರ್ತಮ್ಮ ನೀರಿನ ಟ್ಯಾಂಕಿನ ಬುಡಕ್ಕೆ ಬಂದು ಚಪ್ಪಲಿ ಕಳಚಿಡುತ್ತಾರೆ. ಸೀರೆಯನ್ನು ಕಚ್ಚೆ ಹಾಕಿ ಬಿಗಿದುಕೊಳ್ಳುತ್ತಾರೆ. ಬ್ಲೀಚಿಂಗ್ ಪೌಡರಿನ ಚೀಲವನ್ನೂ ತೆಂಗಿನ ನಾರಿನ ಬ್ರಷ್ಷನ್ನೂ ಬೆನ್ನಿಗೆ ಕಟ್ಟಿಕೊಂಡು, ಕಂಬಕ್ಕೆ ಅಂಟಿದಂತೆ ನೆಟ್ಟಗೆ ನಿಂತಿರುವ ಕಬ್ಬಿಣದ ಏಣಿಗೆ ಕೈ ಹಚ್ಚುತ್ತಾರೆ.

"ಕಮರುನ್ನೀಸಾನ ಮನಿ ಕಾಯಪ್ಪಾ." ಒಂದು ಮೆಟ್ಟಿಲು. "ಹನುಮೇಶನ ಮನಿ ಕಾಯಪ್ಪಾ." ಎರಡು. ಆದೆಪ್ಪನ ಮನೆ, ಮಲ್ಲೇಶ್ವರಿಯ ಮನೆ, ಅಮೀರ್ ಸಾಬರ ಮನೆ. ಹೀಗೆ ಮನೆಗೊಂದರಂತೆ ಮೆಟ್ಟಿಲು ಏರುತ್ತಾ ಹೋಗುತ್ತಾರೆ. ಒಟ್ಟು ಐವತ್ತನಾಲ್ಕು. ತುದಿ ಮುಟ್ಟಿ ಮುಚ್ಚಳ ಸರಿಸಿ ಟ್ಯಾಂಕಿನೊಳಗೆ ಇಳಿದಾದ ಮೇಲೆ ಖಾಲಿ ಕೊಡದಲ್ಲಿ ಮಾತಾಡಿದಂಥ ದನಿ ಬರುತ್ತದೆ: "ಚಾ ಇಟ್ಟಿರ್ರಿ, ಮೂರು ತಾಸಿನ ಕೆಲಸ ಅದ."

ನಲವತ್ತಾರು ವರ್ಷದ ಸುವಾರ್ತಮ್ಮ ಜಾಲಿಗುಡ್ಡದ ವಾಟರ್‌ಮನ್. ಹೆಂಗಸಿಗೆ ಅದೆಂಥ ಹೆಸರು ಎಂದು ಯಾರಾದರೂ ನಕ್ಕರೆ ಅವರೂ ನಗುತ್ತಾರೆ. ಪಂಚಾಯ್ತಿ ಕಾಗದದಲ್ಲಿ ಹಾಗೇ ಇದೆ. ನಸುಕಿನ ನಾಲ್ಕೂವರೆಗೆ ಮೋಟರ್ ಚಾಲೂ ಮಾಡಬೇಕು. ಊರಿನ ಒಂಬತ್ತು ವಾಲ್ವ್‌ಗಳನ್ನು ಓಣಿ ಓಣಿಗೆ ತಿರುಗಿಸಬೇಕು. ಓಣಿಗೆ ಮುಕ್ಕಾಲು ತಾಸು ನೀರು, ಅಷ್ಟರಲ್ಲಿ ಹತ್ತು ಜನರ ತಕರಾರು. ದಿನಕ್ಕೆ ಏನಿಲ್ಲವೆಂದರೂ ಆರು ಕಿಲೋಮೀಟರ್ ನಡಿಗೆ. ಇವೆಲ್ಲ ಅವರಿಗೆ ನೀರು ಕುಡಿದಷ್ಟು ಸಲೀಸು. ಹದಿನೈದು ದಿನಕ್ಕೊಮ್ಮೆ ಐವತ್ತು ಸಾವಿರ ಲೀಟರಿನ ಆ ಟ್ಯಾಂಕ್ ತೊಳೆಯಬೇಕಲ್ಲ, ಅದೊಂದು ಮಾತ್ರ ಹಾಗಿರಲಿಲ್ಲ.

ಯಾಕೆಂದರೆ ಅವರ ಗಂಡ ದಾನಿಯೇಲಪ್ಪ ಬಿದ್ದದ್ದು ಇದೇ ಏಣಿಯಿಂದ. ಹನ್ನೊಂದು ವರ್ಷ ಏರಿ ಇಳಿದ ಮನುಷ್ಯ, ಏಳು ವರ್ಷದ ಹಿಂದೆ ಒಂದು ಶ್ರಾವಣದ ಮುಂಜಾನೆ ಇಪ್ಪತ್ಮೂರನೇ ಮೆಟ್ಟಿಲಲ್ಲಿ ಕಾಲು ಜಾರಿದರು. ರಾಯಚೂರಿನ ಆಸ್ಪತ್ರೆಯಲ್ಲಿ ಮೂರು ದಿನ ಇದ್ದರು, ನಾಲ್ಕನೇ ದಿನ ಇಲ್ಲ. ಮನೆಯಲ್ಲಿ ವಯಸ್ಸಾದ ಅತ್ತೆ, ಆರನೇ ಇಯತ್ತೆಯ ಮಗಳು. ಪಂಚಾಯ್ತಿಯವರು ಗಂಡನ ಜಾಗಕ್ಕೆ ಸುವಾರ್ತಮ್ಮನವರನ್ನೇ ತೆಗೆದುಕೊಂಡರು.

"ಮೋಟರ್ ಕಲ್ತೆ, ಪೈಪ್ ಕೂಡ್ಸೋದು ಕಲ್ತೆ. ನಿಚ್ಚಣಕಿ ಮಾತ್ರ ನೋಡಿದ್ರ ಸಾಕು, ಬಾಯಿ ಒಣಗಿ ಕಟ್ಟಿಗಿ ಆಗ್ತಿತ್ತು," ಎನ್ನುತ್ತಾರೆ. "ನಾಕು ಮೆಟ್ಲ ಏರೋದು, ಇಳಿಯೋದು. ಯಾರರ ನೋಡಿದ್ರ ವಾಲ್ವ್ ಚೆಕ್ ಮಾಡಾಕತ್ತೀನಿ ಅಂತ ಸುಳ್ಳು ಹೇಳೋದು." ಮೊದಲ ಕೆಲವು ತಿಂಗಳು ವೈರಿಂಗ್ ಕೆಲಸದ ಹುಲಿಗೇಶ ಅವರ ಪರವಾಗಿ ಏರಿ ತೊಳೆದು ಕೊಟ್ಟ. ಆಮೇಲೆ ಅವನಿಗೆ ಯರಗೇರಾದ ಕಡೆ ಕೆಲಸ ಸಿಕ್ಕಿತು, ಹೋದ. ಟ್ಯಾಂಕ್ ಹಾಗೇ ಉಳಿಯಿತು. ಮೂರು ತಿಂಗಳಾದ ಮೇಲೆ ನಳದ ನೀರು ವಾಸನೆ ಹೊಡೆಯತೊಡಗಿತು. ಪಂಚಾಯ್ತಿ ಕಾರ್ಯದರ್ಶಿ ಕರೆಸಿ ಹೇಳಿದರು: "ಒಂದು ತಿಂಗಳು ಟೈಮ್ ಕೊಡ್ತೀನವ್ವ. ಅಷ್ಟ್ರಾಗ ಮ್ಯಾಲೇರಿ ತೊಳೀಲಿಲ್ಲಂದ್ರ ಬ್ಯಾರೆಯವರನ್ನ ಹಚ್ಕೋತೀವಿ." ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಅದೇ ಸುವಾರ್ತಮ್ಮನವರಿಗೆ ಇನ್ನಷ್ಟು ಸಂಕಟ ತಂದಿತು.

ಹುಟ್ಟಿದಾಗಿನಿಂದ ದೇವರನ್ನು ನಂಬಿದ ಜೀವ ಅದು. ಭಾನುವಾರ ನೀರು ಬಿಟ್ಟು ಮುಗಿಸಿ, ಟಂಟಂ ಆಟೋ ಹತ್ತಿ ಮಾನ್ವಿಯ ಚರ್ಚಿಗೆ ಹೋಗಿ ಹಿಂದಿನ ಸಾಲಿನಲ್ಲಿ ಕೂತರು. ಉಪವಾಸ ಮಾಡಿದರು, ಅತ್ತರು. ಸೋಮವಾರ ಧೈರ್ಯ ಮಾಡಿ ಹನ್ನೆರಡು ಮೆಟ್ಟಿಲು ಏರಿದರು. ಹದಿಮೂರನೆಯದಕ್ಕೆ ಕಾಲು ಎತ್ತಲಾಗಲಿಲ್ಲ. ಆಗ ಅವರು ಮಾಡಿದ್ದು ಪ್ರಾರ್ಥನೆ. ಪ್ರಾರ್ಥನೆ ಎಂದರೆ ಚಿಕ್ಕಂದಿನಿಂದ ಕಲಿತದ್ದು ಒಂದೇ ರೀತಿ: ಕಣ್ಣು ಗಟ್ಟಿಯಾಗಿ ಮುಚ್ಚಬೇಕು, ಎರಡೂ ಕೈ ಜೋಡಿಸಬೇಕು. ಹನ್ನೆರಡಡಿ ಎತ್ತರದಲ್ಲಿ, ಏಣಿಯ ಮೇಲೆ, ಸುವಾರ್ತಮ್ಮ ಕಣ್ಣು ಮುಚ್ಚಿ ಎರಡೂ ಕೈ ಜೋಡಿಸಿದರು.

ಪುಣ್ಯಕ್ಕೆ ಬಲ ಮೊಣಕೈ ಏಣಿಯಲ್ಲಿ ಸಿಕ್ಕಿಕೊಂಡಿತು. ಎದುರಿನ ಮನೆಯ ಕಮರುನ್ನೀಸಾ ಕೊಡ ಬಿಸಾಕಿ ಓಡಿ ಬಂದು, ಕೆಳಗಿನಿಂದ ಕಾಲಿಗೆ ಮೆಟ್ಟಿಲು ತೋರಿಸಿ ಇಳಿಸಿಕೊಂಡರು. ಚರ್ಮ ಸುಲಿದ ಆ ಗುರುತು ಇನ್ನೂ ಇದೆ. "ದೇವ್ರ ಸುದ್ದಾ ನನ್ನ ಕೈ ಬಿಟ್ಟ ಅಂತ ಅವತ್ತು ಅನಿಸಿಬಿಡ್ತು," ಎನ್ನುತ್ತಾರೆ ಸುವಾರ್ತಮ್ಮ.

ಕೈಗೆ ಪಟ್ಟಿ ಕಟ್ಟಿಕೊಂಡೇ ಮಾನ್ವಿಗೆ ಹೋಗಿ ಚರ್ಚಿನ ಅಯ್ಯನವರ ಮುಂದೆ ನಡೆದದ್ದನ್ನು ಹೇಳಿಕೊಂಡರು. ವಯಸ್ಸಾದ ಪಾದ್ರಿ, ನೇರ ಮಾತಿನವರು. ಪೂರ್ತಿ ಕೇಳಿ, "ಕೈ ಬಿಟ್ಟದ್ದು ನೀನು ಬೇ, ಅವನಲ್ಲ," ಎಂದರು. "ಕಣ್ಣು ಮುಚ್ಚಿದ್ರ ಮಾತ್ರ ಕೇಳ್ತೀನಿ ಅಂತ ಅವನೇನು ಕರಾರು ಮಾಡ್ಯಾನೇನು? ಕೈಲೆ ಕಬ್ಬಿಣ ಹಿಡಿ, ಬಾಯಿಲೆ ಅವನ್ನ ಹಿಡಿ. ಕಣ್ಣು ತೆರ್ಕೊಂಡಿರು."

ಇಷ್ಟು ಸರಳ ಮಾತು ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ. ಗಡುವಿಗೆ ಮೂರು ದಿನ ಉಳಿದಿದ್ದಾಗ ಸುವಾರ್ತಮ್ಮ ಮತ್ತೆ ಏಣಿಯ ಬುಡಕ್ಕೆ ಬಂದರು. ಕಣ್ಣು ತೆರೆದು ಪ್ರಾರ್ಥಿಸಿ ರೂಢಿಯಿಲ್ಲ, ಏನು ಹೇಳಬೇಕೋ ತೋಚಲಿಲ್ಲ. ಎಂಟು ಮೆಟ್ಟಿಲು ಏರುವಷ್ಟರಲ್ಲಿ ಎದುರಿಗೆ ಕಮರುನ್ನೀಸಾರ ತಗಡಿನ ಚಾವಣಿ ಕಂಡಿತು. "ಈಕಿ ಮನಿ ಕಾಯಪ್ಪಾ" ಎಂದರು. ಅದರಾಚೆ ಹನುಮೇಶನ ಮಾಳಿಗೆ ಕಂಡಿತು, ಅವನ ಮನೆಯನ್ನೂ ಕಾಯಲು ಹೇಳಿದರು. ಏರಿದಷ್ಟೂ ಹೊಸ ಹೊಸ ಮನೆಗಳು ಕಾಣುತ್ತಾ ಹೋದವು.

"ಕಣ್ಣು ಮುಚ್ಚಿದ್ರ ಬರೇ ನಾ ಬೀಳೋದೇ ಕಾಣ್ತಿತ್ರೀ. ತೆರೆದ್ಮ್ಯಾಲ ಊರು ಕಂಡ್ತು."

ಇಪ್ಪತ್ಮೂರನೇ ಮೆಟ್ಟಿಲಿಗೆ ಬಂದು ನಿಂತುಬಿಟ್ಟರು. ಗಂಡನ ಕಾಲು ಜಾರಿದ ಜಾಗ ಅದೇ ಎಂದು ಅವರಿಗೆ ಗೊತ್ತು. ಎಷ್ಟು ಹೊತ್ತು ನಿಂತರೋ ಅವರಿಗೆ ನೆನಪಿಲ್ಲ. ಕಾಲು ತಾಸು ಎನ್ನುತ್ತಾರೆ ಕಮರುನ್ನೀಸಾ. ಊರಿನ ಮನೆಗಳನ್ನೆಲ್ಲ ದೇವರಿಗೆ ಒಪ್ಪಿಸುತ್ತಾ ಬಂದ ಹೆಣ್ಣುಮಗಳು ಅಲ್ಲಿ ಕಡೆಗೂ ಬಾಯಿಬಿಟ್ಟು ಹೇಳಿದರು: "ನನ್ನ ಮನೀನೂ ಕಾಯಪ್ಪಾ." ಹೇಳಿ ಇಪ್ಪತ್ನಾಲ್ಕಕ್ಕೆ ಕಾಲಿಟ್ಟರು.

ಕಮರುನ್ನೀಸಾ ಇದನ್ನು ತಮ್ಮದೇ ಧಾಟಿಯಲ್ಲಿ ಹೇಳುತ್ತಾರೆ: "ಆಕಿ ಮ್ಯಾಲ ಯೇಸಪ್ಪನ್ನ ಕರ್ಯಾಕತ್ತಿದ್ಲು, ನಾ ಕೆಳಗ ಅಲ್ಲಾನ್ನ ಕರ್ಯಾಕತ್ತಿದ್ದೆ. ಯಾರು ಏರಿಸಿದ್ರೋ ಏನೋ, ಒಟ್ಟು ಮುಟ್ಟಿದ್ಲು ನೋಡ್ರಿ."

ಮುಚ್ಚಳ ತೆಗೆದು ಬಗ್ಗಿದರೆ ತಳದಲ್ಲಿ ನಾಲ್ಕು ಬೆರಳು ಕೆಸರು, ಮೂಲೆಯಲ್ಲಿ ಸತ್ತ ಪಾರಿವಾಳ. ಭಯ ಎಲ್ಲಿ ಹೋಯಿತೋ, ಸುವಾರ್ತಮ್ಮನವರಿಗೆ ಸಿಟ್ಟು ನೆತ್ತಿಗೇರಿತು. ತಮ್ಮ ಮೇಲೇ. "ನಾ ಅಂಜಿಕೊಂತ ಕುಂತಿದ್ದಕ್ಕ ಕೂಸು ಕುನ್ನಿ ಎಲ್ಲ ಇದನ್ನ ಕುಡ್ಯಾಕತ್ತಿದ್ವು." ಅವತ್ತು ಮೂರು ತಾಸಿನ ಕೆಲಸ ಆರು ತಾಸು ಹಿಡಿಯಿತು. ಸಂಜೆ ಬಿಟ್ಟ ನೀರನ್ನು ಮೊದಲು ಅವರೇ ಕುಡಿದರು.

ಅಲ್ಲಿಂದ ಈಚೆಗೆ ಒಂದು ಸಲವೂ ತಪ್ಪಿಲ್ಲ. ಜಾಲಿಗುಡ್ಡದಲ್ಲಿ ಇನ್ನೂರ ಹನ್ನೆರಡು ಮನೆ. ಏರುವಾಗ ಐವತ್ತನಾಲ್ಕು, ಇಳಿಯುವಾಗ ಐವತ್ತನಾಲ್ಕು. ತಿಂಗಳಿಗೆ ಎರಡು ಸಲ ತೊಳೆದರೆ ಊರೆಲ್ಲ ಮುಗಿದು ನಾಲ್ಕು ಮೆಟ್ಟಿಲು ಮಿಗುತ್ತವೆ. ಒಂದು ಅಯ್ಯನವರಿಗೆ. ಒಂದು ರಾಯಚೂರಿನಲ್ಲಿ ನರ್ಸಿಂಗ್ ಓದುತ್ತಿರುವ ಮಗಳ ಹಾಸ್ಟೆಲಿಗೆ. ಒಂದು, ಗಡುವು ಕೊಟ್ಟ ಆ ಕಾರ್ಯದರ್ಶಿಗೆ. "ಅವ್ರು ಹೆದರಿಸ್ಲಿಲ್ಲಂದ್ರ ನಾ ಏರ್ತಿದ್ದಿಲ್ಲ, ಪಾಪ," ಎಂದು ಸುವಾರ್ತಮ್ಮ ನಗುತ್ತಾರೆ.

ನಾಲ್ಕನೆಯದು ಹೋದ ವರ್ಷದಿಂದ ದೇವದುರ್ಗ ತಾಲ್ಲೂಕಿನ ಮಸರಕಲ್ಲಿನ ಗದ್ದೆಮ್ಮನಿಗೆ. ಆಕೆಗೂ ನೀರು ಬಿಡುವ ಕೆಲಸ ಹೊಸದಾಗಿ ಸಿಕ್ಕಿತ್ತು, ಆಕೆಗೂ ಏಣಿ ಕಂಡರೆ ಆಗುತ್ತಿರಲಿಲ್ಲ. ಯಾರದೋ ಬಾಯಲ್ಲಿ ಕೇಳಿ, ಸಿರವಾರದಲ್ಲಿ ಬಸ್ಸು ಬದಲಿಸಿ ಹುಡುಕಿಕೊಂಡು ಬಂದಳು. "ನಾವು ಯೇಸಪ್ಪನ ಮಂದಿ ಅಲ್ಲಕ್ಕ, ನನಗ ನಡೀತದೇನು?" ಎಂದು ಹಿಂಜರಿದಳು. "ನಿಮ್ಮೂರಾಗ ಮನಿ ಅದಾವಿಲ್ಲೋ? ಹೆಸರು ಹೇಳ್ಕೊಂತ ಏರು. ಯಾರ ಕಿವಿಗೆ ಬೀಳಬೇಕೋ ಬೀಳ್ತದ," ಎಂದು ಸುವಾರ್ತಮ್ಮ ಬೆನ್ನಹಿಂದೆಯೇ ಏರಿದರು. ಮೂರನೇ ಸಲ ಬಂದಾಗ ಗದ್ದೆಮ್ಮ ತುದಿ ಮುಟ್ಟಿದಳು. ಅದನ್ನು ಹೇಳುವಾಗ ಸುವಾರ್ತಮ್ಮನವರ ಮುಖ ನೋಡಬೇಕು.

ಅವರಿಗೆ ಬೇಕಾದ್ದು ಸನ್ಮಾನವಲ್ಲ, ಶಾಲು ಹಾರವಲ್ಲ. ಏಣಿಯ ಸುತ್ತ ಮೇಲಿನತನಕ ಆಳು ಹಿಡಿಯುವಷ್ಟು ದೊಡ್ಡ ಕಬ್ಬಿಣದ ಬಳೆ ಕೂಡಿಸಿದರೆ ಸಾಕು, ಜಾರಿದವರ ಬೆನ್ನಿಗೆ ಆಸರೆಯಾಗುತ್ತದೆ. ಪಂಚಾಯ್ತಿಗೆ ಮೂರು ಅರ್ಜಿ ಕೊಟ್ಟಿದ್ದಾರೆ. ನಾಲ್ಕನೆಯದು ಬರೆಸಿ ತಂದು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಬ್ಲೌಸಿನೊಳಗೆ ಇಟ್ಟುಕೊಂಡೇ ಇವತ್ತು ಟ್ಯಾಂಕ್ ತೊಳೆದು ಇಳಿದಿದ್ದಾರೆ. ಕಳೆದ ಸಲ ಅರ್ಜಿ ಕೊಟ್ಟಾಗ ಮೆಂಬರ್ ಒಬ್ಬರು, "ನಿನ್ನ ಕಾಯಾಕ ನಿನ್ನ ದ್ಯಾವ್ರೇ ಅದಾನಲ್ಲ, ಬಳಿ ಯಾಕವ್ವ?" ಎಂದು ತಮಾಷೆ ಮಾಡಿದರಂತೆ.

"ನಾ ಏನಂದೆ ಗೊತ್ತೇನ್ರಿ?" ಒದ್ದೆ ಸೆರಗು ಹಿಂಡುತ್ತಾ ಸುವಾರ್ತಮ್ಮ ಹೇಳುತ್ತಾರೆ. "ಅವ ಕಾಯ್ತಾನ, ಅದು ಅವನ ಕೆಲಸ. ಏರೋದು ನನ್ನ ಕೆಲಸ, ಆರು ವರ್ಷಾತು ಮಾಡಾಕತ್ತೀನಿ. ಬಳಿ ಹಾಕೋದು ನಿಮ್ಮ ಕೆಲಸ. ಮೂವರಾಗ ಇಬ್ಬರದು ಆಗ್ಯಾದ ಅಂದೆ."