ಹಸಿದ ಕೌದಿ

ನನ್ನ ಮೊಮ್ಮಗಳಿಗೆ ಚಿತ್ರಕಲೆಯ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಬೆಳಗ್ಗೆಯಿಂದ ಕಂಡಕಂಡವರಿಗೆಲ್ಲ ಹೇಳಿದ್ದೇನೆ, ಹಾಲಿನವನಿಗಂತೂ ಎರಡು ಸಲ. ನಾನು ಕಲಿತದ್ದು ಮೂರನೇ ಇಯತ್ತೆ, ಬರೆದದ್ದರಲ್ಲಿ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಆ ಖುಷಿಗೆ ಅವಳು ಬಣ್ಣದ ಡಬ್ಬಿ ತೆರೆದಳು. ಟರ್ಪಂಟೈನ್ ವಾಸನೆ ಮನೆ ತುಂಬಿತು ನೋಡಿ, ನಾನು ಮತ್ತೆ ಬಾಲಾನಗರದ ನಮ್ಮ ಹಳೆಯ ಓಣಿಯಲ್ಲಿದ್ದೆ... ಪಕ್ಕದ ಕಟ್ಟೆಯ ಮೇಲೆ ಪೇಂಟರ್ ಅಣ್ಣ ಕೂತಿದ್ದರು.

ಬೀದರ್ ಕಡೆಯವರು. ಊರೆಲ್ಲ ಕಂಪ್ಯೂಟರ್ ಎಂದು ಕುಣಿಯುತ್ತಿದ್ದ ಕಾಲವದು. ಓಣಿಗೊಂದು ಕಂಪ್ಯೂಟರ್ ಕ್ಲಾಸು, ಎಲ್ಲಕ್ಕೂ ಇವರದೇ ಬೋರ್ಡು. ತೆಲುಗು, ಉರ್ದು, ಇಂಗ್ಲಿಷು ಯಾವುದಾದರೂ ಅಕ್ಷರ ಬ್ರಷ್ಷಿನಿಂದ ಎಣ್ಣೆಯಂತೆ ಇಳಿಯುತ್ತಿತ್ತು. ನಾನು ಈಚೆ ಕಟ್ಟೆಯಲ್ಲಿ ಹಳೆ ಸೀರೆಯ ತುಂಡು ಜೋಡಿಸಿ ಕೌದಿ ಹೊಲಿಯುತ್ತ, ಬಾಯಿಗೆ ಬಂದ ಪದ ಕಟ್ಟಿ ಹಾಡುತ್ತಿದ್ದೆ.

"ನಿಮ್ದು ಒಳಗಿಂದ ಹುಟ್ಟತೈತ್ರಿ ಅಕ್ಕಾರ. ನಾ ಬರೇ ಮಂದಿ ಹೆಸರ ಬರಿಯಾಂವ, ನಂದಂತ ಏನೂ ಇಲ್ಲ" ಎಂದಿದ್ದರು ಒಮ್ಮೆ. ಅಕ್ಷರದ ಬಾಲ ಹಾಗೆ ಬಳುಕಿಸಲು ಯಾರು ಹೇಳಿಕೊಟ್ಟರೆಂದು ಕೇಳಿದೆ. ಬ್ರಷ್ಷು ಒರೆಸಿ ಮುಂದಿನ ಅಕ್ಷರದ ಬಾಲ ಎಳೆದರು.

ಆಮೇಲೆ ಮಿಷನ್ನಿನಲ್ಲಿ ಅಚ್ಚಾಗುವ ಫ್ಲೆಕ್ಸ್ ಬೋರ್ಡು ಬಂತು. ಮೊದಲು ಹಾಕಿಸಿದವರು ಅದೇ ಕಂಪ್ಯೂಟರ್ ಕ್ಲಾಸಿನವರು. ಕೆಲಸ ನಿಂತು, ಅಣ್ಣ ಜೀಡಿಮೆಟ್ಲಾದ ಫ್ಯಾಕ್ಟರಿಗೆ ಸೇರುವುದಾಯಿತು. ಬಣ್ಣ ಮುಚ್ಚಿಡುವ ಮುನ್ನ, ಬೇಡವೆಂದು ವಾಪಸು ಬಂದ ತಗಡಿನ ಬೋರ್ಡಿನ ಬೆನ್ನ ಮೇಲೆ ಒಂದು ಚಿತ್ರ ಬರೆದರು. ನನ್ನ ಕೌದಿ! ಅದು ಆಕಾಶದಲ್ಲಿ ತೇಲುತ್ತಿತ್ತು, ಅದರಡಿ ಫ್ಯಾಕ್ಟರಿ ಚಿಮಣಿಗಳ ಸಮೇತ ಇಡೀ ಬಾಲಾನಗರ ಮಲಗಿತ್ತು...

ಒಂದು ಮೂಲೆ ಮಾತ್ರ ಬಿಚ್ಚಿಕೊಂಡಿತ್ತು. ನಮ್ಮಲ್ಲಿ ಕೊನೆಯ ಮೂಲೆ ಹೊಲಿಯುವ ಮುನ್ನ ಒಳಗೊಂದು ತುಣುಕು ರೊಟ್ಟಿ ಇಡುತ್ತೇವೆ, ಕೌದಿ ಹಸಿದಿರಬಾರದು.

"ಅಣ್ಣಾರ, ನಿಮ್ಮ ಕೌದಿ ಉಪಾಸ ಐತಲ್ರಿ" ಎಂದು ನಕ್ಕೆ.

ಅವರು ಬಿಚ್ಚಿದ ಮೂಲೆಯತ್ತ ಬ್ರಷ್ಷು ತೋರಿಸಿದರು. "ಹಸದ ಇರಲ್ರಿ. ತುಂಬಿದ್ರ ಅದು ನಿಮ್ದಾಕ್ಕೈತಿ. ಹಿಂಗಿದ್ರ ನಂದು."

ತಗಡನ್ನು ತಲೆಯ ಮೇಲೆ ಹೊತ್ತು ಹೋದರು. ನಾವು ಮನೆ ಬದಲಿಸಿ ಮೆಹದಿಪಟ್ಟಣಕ್ಕೆ ಬಂದೆವು. ಅವರು ತೀರಿಕೊಂಡ ಸುದ್ದಿ ಯಾವಾಗಲೋ ಯಾರ ಬಾಯಿಂದಲೋ ಬಂತು. ಆ ಚಿತ್ರ ಎಲ್ಲಿದೆಯೋ... ಮೊಮ್ಮಗಳ ಕೈ ನೋಡಿ ಏನನ್ನುತ್ತಿದ್ದರೋ, ಕೇಳೋಣವೆಂದರೆ ಅವರಿಲ್ಲ.

ಸಂಜೆ ಹೋಳಿಗೆ ಮಾಡಿದೆ. ಮಗ, ಸೊಸೆ, ಬೀಗರು, ಎಲ್ಲರೂ ನೆಲದ ಮೇಲೆ ಸಾಲಾಗಿ ಕೂತೆವು. ಮೊಮ್ಮಗಳ ಉಗುರಿನ ನೀಲಿ ನೋಡಿ ಸೊಸೆ ಗದರಿದಳು. "ತಿಕ್ಕಿದ್ರೂ ಹೋಗವಲ್ದವ್ವ" ಎಂದು ಹುಡುಗಿ ತಾಟು ಮುಂದೆ ಚಾಚಿದಳು. ನಾನು ತುಪ್ಪ ಸುರಿದೆ.