ಎಕ್ಸ್ ಒಳಗಿನ ಮೈನಸ್

ಗಂಡ ತೀರಿಕೊಂಡ ಮೇಲೆ ನಾನು ಮತ್ತೆ ಠಾಣೆಯ ಶಾಲೆಗೆ ಪಾಠ ಮಾಡಲು ಹೊರಟ ಮೊದಲ ಬೆಳಿಗ್ಗೆ ಅದು. ಡೊಂಬಿವಲಿಯ ನಾವು ಸೀಟು ಹಿಡಿಯಲು ಮೊದಲು ಹಿಂದಕ್ಕೆ ಕಲ್ಯಾಣಕ್ಕೆ ಹೋಗಿ, ಅಲ್ಲಿಂದ ತಿರುಗಿ ಹೊರಡುವ ಅದೇ ಲೋಕಲ್ ಗಾಡಿಯಲ್ಲಿ ಕೂತು ಮುಂಬಯಿ ಕಡೆ ಬರುತ್ತೇವೆ. ಅಂದು ನನ್ನ ಪಕ್ಕ ಕೂತಿದ್ದ ಕಲಬುರಗಿ ಕಡೆಯ ಹೆಂಗಸು ಗಣಿತದ ಪುಸ್ತಕ ಹಿಡಿದು ಗೊಣಗುತ್ತಿದ್ದಳು: "ಈ ಪುಸ್ತಕದಾಗ ತಪ್ಪು ಅದ."

"ತಪ್ಪಿಲ್ಲಮ್ಮಾ," ಅಂದೆ, ಪುಟ ಇಣುಕಿ ನೋಡಿ.

"ನೀವು ಕನ್ನಡದೋರೇನ್ರೀ? ಟೀಚರಾ? ದೇವರೇ ಕಳ್ಸ್ಯಾನ! ಇವತ್ತ ನಂದು ಹತ್ತನೇ ಪರೀಕ್ಷಾ. ಪಾಸಾದ್ರ ದವಾಖಾನಿ ಆಯಾ ಕೆಲಸ ಕಾಯಂ ಮಾಡ್ತಾರ." ಬೆರಳಿಟ್ಟು ತೋರಿಸಿದಳು. "ನಿರಪೇಕ್ಷ ಮೌಲ್ಯ, ಅಂದ್ರ ಸೊನ್ನೆಯಿಂದ ಎಷ್ಟು ದೂರ ಅನ್ನೋದು, ಎಂದೂ ಮೈನಸ್ ಇರಂಗಿಲ್ಲ ಅಂತಾರ. ಮತ್ತ ಎಕ್ಸ್ ಸೊನ್ನೆಗಿಂತ ಸಣ್ಣದಿದ್ರ ಅದರ ನಿರಪೇಕ್ಷ ಮೌಲ್ಯ ಮೈನಸ್ ಎಕ್ಸ್ ಅಂತ ಬರದಾರ. ಯಾವುದು ಸುಳ್ಳು?"

"ಎರಡೂ ನಿಜ. ಹೊರಗಿನ ಮೈನಸ್ ಅಂದರೆ ದಿಕ್ಕು ತಿರುಗಿಸು ಅಂತ. ಎಕ್ಸ್ ಅಂದರೆ ಮೈನಸ್ ಏಳು ಅಂದುಕೊಳ್ಳಿ. ಅದನ್ನು ತಿರುಗಿಸಿದರೆ?"

ಆಕೆ ಪುಟದ ಅಂಚಿನಲ್ಲಿ ಮೈನಸ್ ಏಳು ಬರೆದು, ಅದರ ಎಡಕ್ಕೆ ಇನ್ನೊಂದು ಮೈನಸ್ ಎಳೆದಳು.

"ನಮ್ಮ ಗಾಡಿ ಕಲ್ಯಾಣದಾಗ ತಿರುಗಿದಂಗ! ಪ್ಲಸ್ ಏಳು. ಎಕ್ಸ್ ಒಳಗ ಮೊದಲೇ ಒಂದು ಮೈನಸ್ ಅಡಗ್ಯದ, ಹೌದಲ್ರೀ?"

"ಹೌದು."

"ಇನ್ನೊಂದು ಲೆಕ್ಕ ಕೊಡ್ರೀ."

ಕೊಟ್ಟೆ. ಸರಿ ಮಾಡಿದಳು. ಮತ್ತೊಂದು ಕೇಳಿದಳು, ಅದನ್ನೂ ಕೊಟ್ಟೆ.

ಠಾಣೆಯಲ್ಲಿ ಇಳಿಯಬೇಕಿದ್ದ ನಾನು ಅಂದು ಅದರ ಮುಂದಿನ ಸ್ಟೇಷನ್ ಮುಲುಂಡದಲ್ಲಿ ಇಳಿದೆ.