ಬೆಕ್ಕಿನ ಸಕ್ಕರೆ ಮುನ್ನೂರ ಹತ್ತು

ಗೆಳೆಯರೇ, ಸಕ್ಕರೆ ಪರೀಕ್ಷೆಗೆ ಬೆಕ್ಕಿನ ಕಿವಿಗೆ ಚುಚ್ಚಿದರೆ ನೋವಾಗುವುದಿಲ್ಲ ಎಂದು ಉದಗೀರದ ಪಶುವೈದ್ಯರು ಭರವಸೆ ಕೊಟ್ಟಿದ್ದರು. ಬೆಕ್ಕನ್ನು ಗಟ್ಟಿಯಾಗಿ ಹಿಡಿಯುತ್ತೇನೆ ಎಂದು ಅವ್ವ ಮಾತು ಕೊಟ್ಟಿದ್ದಳು. ನಾಲ್ಕು ದಿನದ ಹಿಂದಷ್ಟೇ ಸಕ್ಕರೆ ಕಾಯಿಲೆ ಪತ್ತೆಯಾದ ನಮ್ಮ ಗುಂಡ್ಯಾ ಎರಡನ್ನೂ ಸಾರಾಸಗಟಾಗಿ ತಿರಸ್ಕರಿಸಿದ.

ಇಂದು ಬೆಳಿಗ್ಗೆ ಅವನು ಪರಚಿದ ಕೈಯನ್ನು ನಾನು ತೊಳೆದು ಬರುವಷ್ಟರಲ್ಲಿ ಅವ್ವ ರಕ್ತದ ಹನಿಯನ್ನು ಪರೀಕ್ಷೆಯ ಪಟ್ಟಿಗೆ ತಾಗಿಸಿಬಿಟ್ಟಿದ್ದಳು. ಸಕ್ಕರೆ ಅಳೆಯುವ ಯಂತ್ರ ಮುನ್ನೂರ ಹತ್ತು ತೋರಿಸಿತು.

"ಯಾರ ಮನ್ಯಾಗ ಪೇಡಾ ಕದ್ದು ತಿಂದಿಯೋ, ದ್ರೋಹಿ?" ಎಂದು ಗುಂಡ್ಯಾನನ್ನು ಬೈಯುತ್ತಲೇ ಸಿರಿಂಜಿಗೆ ಇನ್ಸುಲಿನ್ ತುಂಬಿದೆ.

"ಅಂವಗ್ಯಾಕ ಬೈತಿ? ಪಾಪ, ಬಿಚಾರಾಗ ತ್ರಾಸ ಆಗ್ತದಂತ ನಾನೇ ನನ್ನ ಬೆರಳಿಗೆ ಚುಚ್ಚಿಕೊಂಡೀನಿ," ಎಂದಳು ಅವ್ವ, ಬಾಯಲ್ಲಿ ಪೇಡಾ ಇಟ್ಟುಕೊಂಡೇ.

ಸುಳ್ಳು ದಾಖಲೆ ಕೊಟ್ಟ ಎಷ್ಟೋ ಕಚೇರಿಗಳ ಮುಂದೆ ಧಿಕ್ಕಾರ ಕೂಗಿದವಳು ನಾನು. ಮನೆಯಲ್ಲಿ ಸಿರಿಂಜನ್ನಷ್ಟೇ ಕೆಳಗಿಟ್ಟೆ.

ನಾಳೆ ಬುಧವಾರ ಬೆಳಿಗ್ಗೆ ಆರೂವರೆಗೆ ರಕ್ತ ಪರೀಕ್ಷೆಗೆ ಅವ್ವ, ಗುಂಡ್ಯಾ ಇಬ್ಬರೂ ಖಾಲಿ ಹೊಟ್ಟೆಯಲ್ಲಿ ಹಾಜರಾಗತಕ್ಕದ್ದು.